ಎಂಟು ಮಂದಿ, ಇಪ್ಪತ್ತು ನಿಮಿಷ: ಮನೆಯವರನ್ನೆಲ್ಲ ಸ್ಟುಡಿಯೊ ಫೋಟೊಗೆ ಅಣಿ ಮಾಡಿದ ಅನುಭವ

ಕಳೆದ ವಾರ ನಮ್ಮ ಮನೆಯ ಎಂಟು ಮಂದಿಯ ಸ್ಟುಡಿಯೊ ಫೋಟೊದ ಪ್ರಿಂಟ್ ಕೈಗೆ ಬಂತು. 80 ದಾಟಿದ ಅಜ್ಜಿಯಿಂದ ಹಿಡಿದು ಎರಡೂವರೆ ವರ್ಷದ ಮಗುವಿನವರೆಗೆ ನಾಲ್ಕು ತಲೆಮಾರು ಒಂದೇ ಚೌಕಟ್ಟಿನಲ್ಲಿದೆ. ತಯಾರಿಗೆ ಮೂರು ವಾರ ಹಿಡಿಯಿತು, ಸ್ಟುಡಿಯೊದಲ್ಲಿ ಎರಡು ಗಂಟೆಗೂ ಹೆಚ್ಚು ಹೊತ್ತು ಕಳೆಯಿತು. ಅಷ್ಟರಲ್ಲಿ ಎಂಟೂ ಮಂದಿ ದಣಿವಿಲ್ಲದೆ, ಅಳುವಿಲ್ಲದೆ ಒಟ್ಟಿಗೆ ಕೂತದ್ದು ಇಪ್ಪತ್ತೇ ನಿಮಿಷ. ಗೋಡೆಗೆ ಹೋದ ಫೋಟೊ ಆ ಇಪ್ಪತ್ತು ನಿಮಿಷದ್ದು. ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಯಾವ ಮನೆಯಲ್ಲೂ ಇದಕ್ಕಿಂತ ಹೆಚ್ಚು ಸಿಗುವುದು ಕಷ್ಟ. ಆ ಹೊತ್ತನ್ನು ಹಾಳಾಗದಂತೆ ಉಳಿಸಿಕೊಳ್ಳಲು ಏನೇನು ಮಾಡಬೇಕು, ಎಲ್ಲಿ ಕೈತಪ್ಪುತ್ತದೆ ಎಂಬುದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಹೆಚ್ಚಿನವರು ಬಟ್ಟೆಯಿಂದ ಶುರು ಮಾಡುತ್ತಾರೆ. ಗೋಡೆಯಿಂದ ಶುರು ಮಾಡಿ. ಫೋಟೊ ಎಲ್ಲಿ ತೂಗುಹಾಕುತ್ತೀರಿ, ಎಷ್ಟು ದೊಡ್ಡದು, ಅಡ್ಡವೋ ಉದ್ದವೋ ಎಂಬುದು ಮೊದಲು ತೀರ್ಮಾನವಾಗಬೇಕು. ಇದಕ್ಕೆ ಕಾರಣವಿದೆ. ಸ್ಟುಡಿಯೊಗಳಲ್ಲಿ ಬಳಸುವ ಹೆಚ್ಚಿನ ಕ್ಯಾಮೆರಾಗಳ ಚಿತ್ರ 3:2 ಅಳತೆಯದು, ಅಂದರೆ ಒಂದು ಬದಿ ಮೂರು ಪಾಲಾದರೆ ಇನ್ನೊಂದು ಎರಡು ಪಾಲು. 8×12, 12×18, 20×30 ಇಂಚಿನ ಪ್ರಿಂಟ್‌ಗೆ ಅದು ಇಡಿಯಾಗಿ ಕೂರುತ್ತದೆ. ಆದರೆ 8×10, 16×20 ಫ್ರೇಮ್‌ಗಳು 5:4 ಅಳತೆಯವು. 12 ಇಂಚು ಉದ್ದದ ಚಿತ್ರವನ್ನು 10 ಇಂಚಿಗೆ ಇಳಿಸಿದರೆ ಉದ್ದದಲ್ಲಿ ಆರನೇ ಒಂದು ಪಾಲು ಹೋಯಿತು. ಎಂಟು ಮಂದಿ ಅಕ್ಕಪಕ್ಕ ನಿಂತಿದ್ದರೆ ಕತ್ತರಿ ಬೀಳುವುದು ತುದಿಯಲ್ಲಿ ನಿಂತವರ ಭುಜಕ್ಕೆ. ಅಳತೆ ಮೊದಲೇ ಹೇಳಿದ್ದರೆ ಛಾಯಾಗ್ರಾಹಕರು ಎರಡೂ ಬದಿಗೆ ಜಾಗ ಬಿಟ್ಟು ತೆಗೆಯುತ್ತಾರೆ. ಆಮೇಲೆ ಹೇಳಿದರೆ ಯಾರಿಗೂ ಏನೂ ಮಾಡಲಾಗದು. ಕೈಯಲ್ಲಿ ಹಿಡಿದು ನೋಡುವ ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ. ಹಾಗೆ ನೋಡಿದರೆ 12×18ಕ್ಕೆ 3600×5400 ಪಿಕ್ಸೆಲ್, ಅಂದರೆ ಹತ್ತಿರ ಹತ್ತಿರ 20 ಮೆಗಾಪಿಕ್ಸೆಲ್ ಬೇಕು. 20×30 ಇಂಚಿನದನ್ನು ದೂರದಿಂದ ನೋಡುವುದರಿಂದ ಇಂಚಿಗೆ 200 ಸಾಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಅದಕ್ಕೂ ಸಾಲುತ್ತದೆ.

ಆಮೇಲಿನದು ಸ್ಟುಡಿಯೊದ ಅಗಲ. ಬುಕ್ ಮಾಡುವ ಮೊದಲು ಒಬ್ಬರಾದರೂ ಹೋಗಿ ನೋಡಿ ಬನ್ನಿ. ಹಿನ್ನೆಲೆಗೆ ಇಳಿಬಿಡುವ ಕಾಗದದ ಸುರುಳಿ ಸಾಮಾನ್ಯವಾಗಿ 1.35 ಮೀಟರ್, 2.72 ಮೀಟರ್ ಇಲ್ಲವೇ 3.55 ಮೀಟರ್ ಅಗಲದ್ದು. 2.72 ಎಂದರೆ ಆರು ಜನ ಧಾರಾಳ ಎನಿಸುತ್ತದೆ. ಆದರೆ ಕಾಗದ ಇರುವುದು ನಮ್ಮ ಹಿಂದೆ. ಕ್ಯಾಮೆರಾದಿಂದ ನಾವು 5 ಮೀಟರ್ ದೂರದಲ್ಲಿದ್ದು, ಕಾಗದ ನಮ್ಮಿಂದ ಒಂದೂವರೆ ಮೀಟರ್ ಹಿಂದಿದ್ದರೆ, ನಾವು ನಿಲ್ಲುವ ಜಾಗದಲ್ಲಿ ಅದು ತುಂಬುವುದು ಸುಮಾರು 2.1 ಮೀಟರ್ ಮಾತ್ರ. ದೊಡ್ಡವರಾದರೆ ನೇರ ಸಾಲಿನಲ್ಲಿ ನಾಲ್ಕೇ ಮಂದಿ. ಹಾಗಾಗಿ ಎಂಟು ಜನಕ್ಕೆ ಎರಡು ಸಾಲು, ಭುಜ ಓರೆ ಮಾಡಿ ಒಬ್ಬರ ಹಿಂದೆ ಒಬ್ಬರು ಸ್ವಲ್ಪ ಸರಿದು ನಿಲ್ಲುವುದು ಅನಿವಾರ್ಯ. ಹೋದಾಗಲೇ ನೋಡಬೇಕಾದ ಉಳಿದವು: ಮೆಟ್ಟಿಲೆಷ್ಟು, ಲಿಫ್ಟ್ ಇದೆಯೇ, ಶೌಚಾಲಯ ಎಲ್ಲಿ, ಬಟ್ಟೆ ಬದಲಾಯಿಸುವ ಕೋಣೆ ಇದೆಯೇ, ಅಜ್ಜಿಗೆ ಕೈ ಇರುವ ಕುರ್ಚಿ ಇದೆಯೇ. ಸ್ಟುಡಿಯೊದಲ್ಲಿ ಚೆಂದ ಕಾಣುವ ಸೋಫಾಗಳು ಬಹಳ ತಗ್ಗು. ವಯಸ್ಸಾದವರು ಕೂತರೆ ಮೊಣಕಾಲು ಎದೆಮಟ್ಟಕ್ಕೆ ಬರುತ್ತದೆ, ಬೆನ್ನು ಬಾಗುತ್ತದೆ, ಏಳಲು ಇಬ್ಬರು ಬೇಕು.

ಖರ್ಚಿನ ಮಾತು ಬಾಯಲ್ಲಿ ಮುಗಿಸಬೇಡಿ, ಬರೆಸಿಕೊಳ್ಳಿ. ಹೇಳಿದ ಮೊತ್ತದಲ್ಲಿ ಎಷ್ಟು ಹೊತ್ತು, ಎಷ್ಟು ಮಂದಿ, ಎಷ್ಟು ಜೊತೆ ಬಟ್ಟೆ, ತಿದ್ದಿ ಕೊಡುವ ಚಿತ್ರಗಳೆಷ್ಟು, ಪ್ರಿಂಟ್ ಮತ್ತು ಫ್ರೇಮ್ ಸೇರಿವೆಯೋ ಇಲ್ಲವೋ, ಪೂರ್ಣ ಅಳತೆಯ ಫೈಲ್ ಕೊಡುತ್ತಾರೋ ಇಲ್ಲವೋ. ನಮ್ಮ ಲೆಕ್ಕ ತಪ್ಪಿದ್ದು ಇಲ್ಲೇ. ಮಾತಾಗಿದ್ದದ್ದು 10 ಚಿತ್ರಕ್ಕೆ; ನೋಡುತ್ತ ನೋಡುತ್ತ ಆರಿಸಿದ್ದು 17. ಹೆಚ್ಚಿನ ಏಳಕ್ಕೆ ಒಂದೊಂದಕ್ಕೂ ಬೇರೆ ದರ ಬಿತ್ತು. ಇನ್ನೆರಡು ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಮಗುವಿಗೆ ಜ್ವರ ಬಂದರೆ ದಿನ ಬದಲಿಸಬಹುದೇ, ಮುಂಗಡ ಉಳಿಯುತ್ತದೆಯೇ? ನಮ್ಮ ಚಿತ್ರಗಳನ್ನು ಸ್ಟುಡಿಯೊದವರು ಜಾಹೀರಾತಿಗೆ, ಜಾಲತಾಣಕ್ಕೆ ಹಾಕಿಕೊಳ್ಳುತ್ತಾರೆಯೇ? ಮಕ್ಕಳ ಮುಖ ಬೇಡವೆಂದಿದ್ದರೆ ಸಹಿ ಹಾಕುವ ಮೊದಲೇ ಹೇಳಬೇಕು.

ಇನ್ನು ಬಟ್ಟೆ. ಇದಕ್ಕೆ ಎರಡು ವಾರವಾದರೂ ಇಟ್ಟುಕೊಳ್ಳಿ. ಎಲ್ಲರಿಗೂ ಒಂದೇ ಬಣ್ಣ ಹಾಕಿಸಿದರೆ ಸಮವಸ್ತ್ರದಂತೆ ಕಾಣುತ್ತದೆ, ಒಬ್ಬರಿಂದ ಒಬ್ಬರನ್ನು ಬೇರ್ಪಡಿಸುವ ಅಂಚೇ ಇರುವುದಿಲ್ಲ. ಹೊಂದುವ ಮೂರು ನಾಲ್ಕು ಬಣ್ಣ ಇಟ್ಟುಕೊಂಡು ಹಂಚುವುದು ಮೇಲು. ಎಂಟೂ ಜನರ ಬಟ್ಟೆಯನ್ನು ಕಿಟಕಿ ಬೆಳಕಿನಲ್ಲಿ ಹಾಸಿಗೆಯ ಮೇಲೆ ಒಟ್ಟಿಗೆ ಹರಡಿ, ಮೊಬೈಲ್‌ನಲ್ಲಿ ಒಂದು ಚಿತ್ರ ತೆಗೆದು ಅದನ್ನು ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿ. ಬಣ್ಣ ಹೋದ ಮೇಲೆ ಯಾವುದೋ ಒಂದು ಅಂಗಿ ಉಳಿದವಕ್ಕಿಂತ ಎದ್ದು ಹೊಳೆಯುತ್ತಿದ್ದರೆ ಫೋಟೊದಲ್ಲೂ ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಮುಖಕ್ಕಲ್ಲ.

ಬೇಡವೇ ಬೇಡ ಎನ್ನಬೇಕಾದವು ಕೆಲವಿವೆ. ಒತ್ತೊತ್ತಾದ ಸಣ್ಣ ಗೆರೆ, ಸಣ್ಣ ಚೌಕಳಿ ಬಟ್ಟೆ ಮೊದಲನೆಯದು. ನೇಯ್ಗೆಯ ಸಾಲುಗಳು ಕ್ಯಾಮೆರಾ ಸೆನ್ಸರಿನ ಪಿಕ್ಸೆಲ್ ಸಾಲುಗಳೊಂದಿಗೆ ತಾಕಲಾಡಿ, ಬಟ್ಟೆಯ ಮೇಲೆ ಇಲ್ಲದ ಕಾಮನಬಿಲ್ಲಿನ ಅಲೆಗಳು ಮೂಡುತ್ತವೆ. ಮ್ವಾರೆ ಎಂದು ಕರೆಯುವ ಈ ದೋಷವನ್ನು ಆಮೇಲೆ ತಿದ್ದುವುದು ಬಲು ಕಷ್ಟ. ಎರಡನೆಯದು ಕಣ್ಣು ಕುಕ್ಕುವ ಫ್ಲೋರೊಸೆಂಟ್ ಹಸಿರು, ಕಿತ್ತಳೆ, ಗುಲಾಬಿ. ಫ್ಲ್ಯಾಶ್ ಬೆಳಕು ಅಂಗಿಗೆ ತಾಗಿ ಗಲ್ಲದ ಅಡಿಗೆ ಚಿಮ್ಮುತ್ತದೆ, ಚರ್ಮಕ್ಕೂ ಅದೇ ಬಣ್ಣ ಹತ್ತಿದಂತೆ ಕಾಣುತ್ತದೆ. ಪಕ್ಕದವರ ಕೆನ್ನೆಯೂ ತಪ್ಪಿಸಿಕೊಳ್ಳುವುದಿಲ್ಲ. ಅಚ್ಚ ಬಿಳಿ ಅಂಗಿಯಲ್ಲೂ ಒಂದು ತೊಡಕಿದೆ. ಹಲವು ಸೋಪಿನ ಪುಡಿಗಳಲ್ಲಿ ಬಟ್ಟೆಯನ್ನು ಬೆಳ್ಳಗೆ ತೋರಿಸುವ ರಾಸಾಯನಿಕಗಳಿರುತ್ತವೆ. ಅವು ಫ್ಲ್ಯಾಶಿನ ನೇರಳಾತೀತ ಬೆಳಕನ್ನು ಹೀರಿ ನೀಲಿಯಾಗಿ ಹೊಳೆಯುತ್ತವೆ. ಕೆನೆಬಣ್ಣ ಹಾಕಿದರೆ ಈ ರಗಳೆಯಿಲ್ಲ. ಕಪ್ಪು ಮಖಮಲ್ ಬೆಳಕನ್ನೆಲ್ಲ ನುಂಗಿ ಮಡಿಕೆಯೇ ಕಾಣದಂತೆ ಮಾಡುತ್ತದೆ, ಸ್ಯಾಟಿನ್ ಬೆಳಕನ್ನು ಹಿಂದಕ್ಕೆಸೆದು ಹೊಟ್ಟೆಯ ಮೇಲೆ ಬಿಳಿ ಪಟ್ಟೆ ತರುತ್ತದೆ.

ಬಟ್ಟೆಯನ್ನು ಹಾಕಿಸಿ ನಿಲ್ಲಿಸಿ ನೋಡಿದರೆ ಸಾಲದು, ಕೂರಿಸಿ ನೋಡಬೇಕು. ಕೂತಾಗ ಶರ್ಟಿನ ಗುಂಡಿಗಳ ನಡುವೆ ಬಾಯಿ ಬಿಡುತ್ತದೆ, ಪ್ಯಾಂಟು ಮೇಲೇರಿ ಕಾಲುಚೀಲವೂ ಅದರ ಮೇಲಿನ ಕಾಲೂ ಕಾಣುತ್ತವೆ, ಕೋಟಿನ ಕಾಲರ್ ಕತ್ತಿನಿಂದ ಎದ್ದು ನಿಲ್ಲುತ್ತದೆ. ಮಗುವಿನ ಬಟ್ಟೆಯನ್ನು ಮೂರು ವಾರ ಮೊದಲು ತಂದಿದ್ದರೆ ಹಿಂದಿನ ವಾರ ಮತ್ತೆ ಹಾಕಿ ನೋಡಿ. ಪಾದದವರೆಗಿನ ಫೋಟೊ ಬೇಕಿದ್ದರೆ ಚಪ್ಪಲಿ, ಬೂಟುಗಳ ಅಡಿಭಾಗ ತೊಳೆದು ಒರೆಸಿ ಒಯ್ಯಿರಿ. ಬಿಳಿ ಕಾಗದದ ಮೇಲೆ ಒಂದು ಹೆಜ್ಜೆ ಗುರುತು ಬಿದ್ದರೆ ಅದನ್ನು ಅಳಿಸುವ ಕೆಲಸ ಪ್ರತಿ ಚಿತ್ರಕ್ಕೂ ಅಂಟಿಕೊಳ್ಳುತ್ತದೆ.

ತಲೆಕೂದಲು ಕತ್ತರಿಸುವುದು ಏಳರಿಂದ ಹತ್ತು ದಿನ ಮೊದಲೇ ಆಗಲಿ. ಹಿಂದಿನ ದಿನ ಕತ್ತರಿಸಿದರೆ ಕಿವಿಯ ಸುತ್ತ ಚರ್ಮದ ಬಣ್ಣ ಬೇರೆಯಾಗಿ ಬಿಳಿ ಗೆರೆ ಕಾಣುತ್ತದೆ. ಹುಬ್ಬು ತಿದ್ದಿಸುವುದು ಎರಡು ಮೂರು ದಿನ ಮೊದಲು. ಆ ವಾರ ಹೊಸ ಕ್ರೀಮು, ಹೊಸ ಫೇಶಿಯಲ್ ಯಾವುದೂ ಬೇಡ. ಸನ್‌ಸ್ಕ್ರೀನ್ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ: ಜಿಂಕ್ ಆಕ್ಸೈಡ್ ಅಥವಾ ಟೈಟೇನಿಯಂ ಡೈಆಕ್ಸೈಡ್ ಇರುವ ಕ್ರೀಮು, ಅದೇ ಸೇರಿರುವ ಫೌಂಡೇಶನ್ ಹಚ್ಚಿದ ಮುಖಕ್ಕೆ ಫ್ಲ್ಯಾಶ್ ಬಿದ್ದರೆ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಕನ್ನಡಿಯಲ್ಲಿ ಇದು ಗೊತ್ತಾಗುವುದೇ ಇಲ್ಲ. ಹಿಂದಿನ ದಿನ ಹಚ್ಚಿಕೊಂಡು ಮೊಬೈಲ್ ಫ್ಲ್ಯಾಶಿನಲ್ಲಿ ಒಂದು ಚಿತ್ರ ತೆಗೆದರೆ ಸಾಕು, ಗುಟ್ಟು ರಟ್ಟಾಗುತ್ತದೆ.

ಮಗುವನ್ನು ಅಣಿ ಮಾಡುವುದು ಎಂದರೆ ಅದರ ನಿದ್ದೆಯನ್ನು ಲೆಕ್ಕ ಹಾಕುವುದು. ಒಂದು ವಾರ ಮಗು ಯಾವಾಗ ಮಲಗುತ್ತದೆ, ಯಾವಾಗ ಏಳುತ್ತದೆ, ಯಾವಾಗ ರಚ್ಚೆ ಹಿಡಿಯುತ್ತದೆ ಎಂದು ಬರೆದಿಡಿ. ಎದ್ದು ಹೊಟ್ಟೆ ತುಂಬಿದ ಒಂದು ಗಂಟೆಯ ಒಳಗಿನ ಹೊತ್ತನ್ನೇ ಸ್ಟುಡಿಯೊದಲ್ಲಿ ಕೇಳಿ. ದಿನದ ಮೊದಲ ಸರದಿ ಸಿಕ್ಕರೆ ಬಿಡಬೇಡಿ. ಮನೆಯಲ್ಲಿ ನಾಲ್ಕೈದು ದಿನ ಫೋಟೊ ಆಟ ಆಡಿಸಿ: ತೆಳು ಬಟ್ಟೆಯ ಹಿಂದಿನಿಂದ ಟಾರ್ಚ್ ಮಿಣುಕಿಸುವುದು, ಒಂದು, ಎರಡು, ಮೂರು ಎಂದು ಎಣಿಸಿ ಚಪ್ಪಾಳೆ ತಟ್ಟುವುದು. ಫ್ಲ್ಯಾಶಿನ ಬೆಳಕಿಗಿಂತ ಅದರ 'ಟಪ್' ಸದ್ದು ಮತ್ತು ಛತ್ರಿಯಂಥ ದೊಡ್ಡ ದೀಪಗಳು ಮಕ್ಕಳನ್ನು ಹೆದರಿಸುತ್ತವೆ. "ಅಲ್ಲಿ ಅತ್ತರೆ ಅವರು ಬೈತಾರೆ ನೋಡು" ಎಂಬ ಒಂದು ಮಾತು ವಾರದ ಆಟವನ್ನೆಲ್ಲ ನೀರಿಗೆ ಹಾಕುತ್ತದೆ, ದಯವಿಟ್ಟು ಯಾರೂ ಆಡಬೇಡಿ. ಬಿಗಿಯಾದ ಎಲಾಸ್ಟಿಕ್‌ನ ಕಾಲುಚೀಲ, ಚಡ್ಡಿ ಬೆಳಗ್ಗೆಯೇ ಹಾಕಿದರೆ ಚರ್ಮದ ಮೇಲೆ ಕೆಂಪು ಬಳೆ ಮೂಡುತ್ತದೆ, ಮಾಯಲು ಅರ್ಧ ಗಂಟೆಗೂ ಹೆಚ್ಚು ಬೇಕು. ದೊಡ್ಡವರ ಗಡಿಯಾರದ ಪಟ್ಟಿಗೂ ಇದೇ ಮಾತು.

ಅಜ್ಜಿಯ ವಿಷಯದಲ್ಲಿ ಮಾತ್ರೆ ಮತ್ತು ಊಟದ ಹೊತ್ತು ತಪ್ಪಬಾರದು ಎಂಬುದೇ ಮುಖ್ಯ. ಶ್ರವಣ ಸಾಧನ ಇದ್ದರೆ ತೆಗೆಯಬೇಡಿ, ಮಾತು ಕೇಳದೆ ಅವರು ಪ್ರತಿ ಸಲ ಪಕ್ಕಕ್ಕೆ ತಿರುಗಿ "ಏನಂದ್ರು?" ಎಂದು ಕೇಳುವ ಕ್ಷಣದಲ್ಲೇ ಫ್ಲ್ಯಾಶ್ ಹೊಡೆಯುತ್ತದೆ. ಮನೆಯಲ್ಲಿ ಯಾರಿಗಾದರೂ ಮಿನುಗುವ ಬೆಳಕಿನಿಂದ ಮೂರ್ಛೆ ಬರುವ ತೊಂದರೆ ಇದ್ದರೆ ಮೊದಲೇ ತಿಳಿಸಿ, ಸದಾ ಉರಿಯುವ ದೀಪದಲ್ಲಿ ತೆಗೆಯಲು ಕೇಳಿ, ವೈದ್ಯರನ್ನೂ ಒಮ್ಮೆ ವಿಚಾರಿಸಿ.

ಹಿಂದಿನ ರಾತ್ರಿ ಕಟ್ಟಿದ ಚೀಲದಲ್ಲಿ ನಿಜಕ್ಕೂ ಬಳಕೆಗೆ ಬಂದವು: ಪಿನ್ನುಗಳು, ಬಟ್ಟೆಯ ಮೇಲಿನ ಧೂಳು-ಕೂದಲು ಎತ್ತುವ ಅಂಟು ರೋಲರ್, ಮುಖದ ಜಿಡ್ಡು ಒತ್ತಿ ತೆಗೆಯುವ ಕಾಗದ, ಕನ್ನಡಕ ಒರೆಸುವ ಬಟ್ಟೆ, ಬಾಚಣಿಗೆ, ಒದ್ದೆ ಟಿಶ್ಯೂ, ಮಗುವಿಗೆ ಇನ್ನೊಂದು ಜೊತೆ ಬಟ್ಟೆ, ಬಣ್ಣ ಹತ್ತದ ಪುಡಿ ಉದುರದ ತಿನಿಸು, ನೀರು. ಮುಖದ ಹೊಳಪಿಗೆ ಪೌಡರ್ ಮೇಲೆ ಪೌಡರ್ ಹಾಕುವುದಕ್ಕಿಂತ ಒತ್ತಿ ಒರೆಸುವುದೇ ಒಳ್ಳೆಯದು. ಇಸ್ತ್ರಿ ಬಟ್ಟೆಯನ್ನು ಹ್ಯಾಂಗರ್‌ನಲ್ಲೇ ಒಯ್ದು ಅಲ್ಲೇ ಹಾಕಿಕೊಂಡೆವು. ಮನೆಯಿಂದ ಹಾಕಿ ಹೊರಟರೆ ಸೀಟ್‌ಬೆಲ್ಟ್ ಗೆರೆ ಎದೆಗೆ ಅಡ್ಡವಾಗಿ ಉಳಿಯುತ್ತದೆ.

ಹೇಳಿದ ಹೊತ್ತಿಗೆ 20 ನಿಮಿಷ ಮೊದಲೇ ಹೋದರೂ ಹಿಂದಿನ ಸರದಿ ಮುಗಿದಿರಲಿಲ್ಲ. ಕಾದದ್ದು ನಲವತ್ತು ನಿಮಿಷ. ನೆಲದ ಮೇಲೆ ಆಡುತ್ತಿದ್ದ ಮಗುವಿನ ಮುಖ ಬಾಡತೊಡಗಿದಾಗ ಹೊಟ್ಟೆಯಲ್ಲಿ ಕಸಿವಿಸಿ, ಇಷ್ಟು ದಿನದ ತಯಾರಿ ಬಾಗಿಲ ಬಳಿಯೇ ಕರಗುತ್ತಿದೆ ಎಂಬ ಸಂಕಟ. ಕೈ ಹಿಡಿದದ್ದು ಒಂದೇ ವಿಷಯ: ಮಗುವಿಗೆ ಫೋಟೊದ ಬಟ್ಟೆ ಇನ್ನೂ ಹಾಕಿರಲಿಲ್ಲ. ಹಳೆಯ ಬಟ್ಟೆಯಲ್ಲಿ ಉರುಳಾಡಲು ಬಿಟ್ಟು, ಕೊನೆಯ ಐದು ನಿಮಿಷದಲ್ಲಿ ಬದಲಾಯಿಸಿದೆವು. ಹೊರಡುವ ಮೊದಲು ಸ್ಟುಡಿಯೊಗೆ ಒಂದು ಕರೆ ಮಾಡಿ ತಡವಾಗಿದೆಯೇ ಎಂದು ಕೇಳಿದ್ದರೆ ಮನೆಯಲ್ಲೇ ಕಾಯಬಹುದಿತ್ತು.

ದೀಪಗಳ ಹೊಂದಾಣಿಕೆಗೆ ಹದಿನೈದು ನಿಮಿಷವಾದರೂ ಹೋಗುತ್ತದೆ. ಆ ಹೊತ್ತಿನಲ್ಲಿ ಅಜ್ಜಿಯನ್ನೂ ಮಗುವನ್ನೂ ಒಳಗೆ ಕರೆಯಬಾರದು. ಇಬ್ಬರು ದೊಡ್ಡವರು ಅವರ ಜಾಗದಲ್ಲಿ ಕೂತು ಬೆಳಕು ಸರಿಮಾಡಿಸಿಕೊಳ್ಳಲಿ. ಮೊದಲ ಪರೀಕ್ಷಾ ಚಿತ್ರದಲ್ಲೇ ಒಂದು ತೊಡಕು ಸಿಕ್ಕಿತು: ಬಿಸಿಲಲ್ಲಿ ತಾನಾಗಿ ಕಪ್ಪಾಗುವ ಕನ್ನಡಕ ಒಳಗೆ ಬಂದ ಮೇಲೂ ಕಪ್ಪಾಗಿಯೇ ಇತ್ತು. ಅದು ತಿಳಿಯಾಗಲು ಹಲವು ನಿಮಿಷ ಬೇಕು, ಗಾಜು ತಂಪಾಗಿದ್ದರೆ ಇನ್ನೂ ನಿಧಾನ. ದಾರಿಯಲ್ಲಿ ಅದನ್ನು ಡಬ್ಬಿಯಲ್ಲಿಟ್ಟು ಬರುವುದೇ ಉಪಾಯ. ಮಾಮೂಲು ಕನ್ನಡಕದಲ್ಲಿ ದೀಪದ ಬಿಂಬ ಕಂಡರೆ ದೀಪವನ್ನು ಎತ್ತರಿಸಬೇಕು ಇಲ್ಲವೇ ಕಿವಿಯ ಮೇಲಿನ ಕಡ್ಡಿಯನ್ನು ಕೊಂಚ ಮೇಲೆತ್ತಿ ಗಾಜು ಕೆಳಮುಖ ಮಾಡಬೇಕು. ಬೆಳಕು ಬಂದ ಕೋನದಲ್ಲೇ ಹೊರಳುವುದರಿಂದ ಬಿಂಬ ಲೆನ್ಸಿಗೆ ಬೀಳದೆ ನೆಲಕ್ಕೆ ಬೀಳುತ್ತದೆ.

ಎಲ್ಲರೂ ಇರುವ ಚಿತ್ರವೇ ಮೊದಲು. ಒಬ್ಬೊಬ್ಬರದು, ಗಂಡ-ಹೆಂಡತಿಯದು ಆಮೇಲೆ. ಅನೇಕರು ಇದನ್ನು ತಿರುವುಮುರುವು ಮಾಡಿ, ದೊಡ್ಡ ಗುಂಪಿನ ಹೊತ್ತಿಗೆ ಮಗುವನ್ನು ಕಳೆದುಕೊಳ್ಳುತ್ತಾರೆ. ಅಜ್ಜಿ ನಡುವೆ ಕುರ್ಚಿಯಲ್ಲಿ, ಮಗು ಅವರ ಮೊಣಕಾಲ ಬಳಿ ಅಮ್ಮನ ತೋಳಿನಲ್ಲಿ, ಉಳಿದವರು ಹಿಂದೆ. ಒಂದೇ ಎತ್ತರದಲ್ಲಿ ಎಲ್ಲರ ತಲೆ ಇದ್ದರೆ ಬೇಲಿಯಂತಾಗುತ್ತದೆ; ಯಾವುದೇ ಮೂರು ಮುಖ ಕೂಡಿ ತ್ರಿಕೋನವಾಗುವಂತೆ ಕೂರಿಸುವುದು ಹಳೆಯ ಪಾಠ. ಹಿಂದಿನ ಸಾಲಿನವರು ಕುರ್ಚಿಗೆ ತಾಗಿ ಮುಂದಕ್ಕೆ ಬಾಗಬೇಕು, ಏಕೆಂದರೆ ಸಾಲುಗಳ ನಡುವಿನ ಅಂತರ ಹೆಚ್ಚಾದಷ್ಟೂ ಹಿಂದಿನವರ ಕಣ್ಣು ಮಬ್ಬಾಗುತ್ತದೆ. ಎರಡು ಸಾಲಿಗೆ ಲೆನ್ಸಿನ ಬೆಳಕಿನ ಕಿಂಡಿಯನ್ನು ಕಿರಿದು ಮಾಡಿ, ಎಫ್/8 ಎಂಬ ಅಳತೆಯ ಆಸುಪಾಸು ತೆಗೆಯುವುದು ವಾಡಿಕೆ. ಅಗಲ ನೋಟ ಹಿಡಿಯುವ (ವೈಡ್ ಆ್ಯಂಗಲ್) ಲೆನ್ಸ್ ಹಾಕಿದರೆ ತುದಿಯವರು ಇರುವುದಕ್ಕಿಂತ ದಪ್ಪವಾಗಿ ಕಾಣುತ್ತಾರೆ, ಹಾಗಾಗಿ ಮೈಕಟ್ಟಿನ ಬಗ್ಗೆ ಅಳುಕಿರುವವರನ್ನು ಅಂಚಿಗೆ ನಿಲ್ಲಿಸಬೇಡಿ. "ಅಜ್ಜೀ, ಗಲ್ಲ ಸ್ವಲ್ಪ ಮುಂದಕ್ಕೆ, ಒಂಚೂರು ಕೆಳಗೆ" ಎಂದಾಗ ಎಲ್ಲರೂ ಗಲ್ಲವನ್ನು ಕತ್ತಿನೊಳಗೆ ಎಳೆದುಕೊಳ್ಳುತ್ತಾರೆ. ಹಣೆಯನ್ನು ಕ್ಯಾಮೆರಾ ಕಡೆಗೆ ತನ್ನಿ ಎಂದರೆ ಬೇಗ ಅರ್ಥವಾಗುತ್ತದೆ.

ಈಗ ಎಲ್ಲಕ್ಕಿಂತ ದೊಡ್ಡ ತಪ್ಪು. ಮಗು ನಗಲೆಂದು ಎಂಟರಲ್ಲಿ ಆರು ಮಂದಿ ಒಟ್ಟಿಗೆ ಅದರ ಹೆಸರು ಕರೆಯುತ್ತ ಅದರತ್ತ ಬಾಗಿದೆವು. ಮಗು ಒಂದು ಕ್ಷಣ ಸೊಗಸಾಗಿ ಲೆನ್ಸ್ ನೋಡಿ ನಕ್ಕಿತು. ಆ ಚಿತ್ರದಲ್ಲಿ ಕ್ಯಾಮೆರಾ ನೋಡುತ್ತಿರುವುದು ಮಗು ಮತ್ತು ಅಜ್ಜಿ ಇಬ್ಬರೇ. ಅದಾದ ಮೇಲೆ ಕಟ್ಟಳೆ ಮಾಡಿಕೊಂಡೆವು: ದೊಡ್ಡವರು ಏನೇ ಆದರೂ ಲೆನ್ಸ್‌ನಿಂದ ಕಣ್ಣು ತೆಗೆಯಬಾರದು, ಮಗುವನ್ನು ಕರೆಯುವವರು ಫೋಟೊದಲ್ಲಿಲ್ಲದ ಒಬ್ಬರೇ, ಅವರು ಛಾಯಾಗ್ರಾಹಕರ ತಲೆಯ ಹಿಂದೆ, ಲೆನ್ಸಿನ ನೇರ ಮೇಲೆ ನಿಲ್ಲಬೇಕು. ಒಂದಡಿ ಪಕ್ಕಕ್ಕೆ ನಿಂತರೂ ಮಗುವಿನ ನೋಟ ಪಕ್ಕಕ್ಕೆ ಹೋಗುತ್ತದೆ.

ಕಣ್ಣು ಮಿಟುಕಿಸುವುದಕ್ಕೂ ಒಂದು ಲೆಕ್ಕವಿದೆ. ಆಸ್ಟ್ರೇಲಿಯಾದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದನ್ನು ಲೆಕ್ಕ ಹಾಕಿ 2006ರಲ್ಲಿ ಗಣಿತಕ್ಕೆ ಇಗ್ ನೊಬೆಲ್ ಪಡೆದರು; ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು. 20ಕ್ಕಿಂತ ಕಡಿಮೆ ಮಂದಿಯ ಗುಂಪಾದರೆ, ಒಳ್ಳೆಯ ಬೆಳಕಿನಲ್ಲಿ ತಲೆಯೆಣಿಕೆಯನ್ನು 3ರಿಂದ, ಮಂದ ಬೆಳಕಿನಲ್ಲಿ 2ರಿಂದ ಭಾಗಿಸಿ ಬಂದಷ್ಟು ಚಿತ್ರ ತೆಗೆದರೆ ಎಲ್ಲರ ಕಣ್ಣೂ ತೆರೆದ ಒಂದು ಸಿಗುವುದು ಬಹುತೇಕ ಖಚಿತ ಎಂಬುದು ಅವರ ಲೆಕ್ಕ. ನಮಗೆ ಮೂರು ಸಾಕಾಗಬೇಕಿತ್ತು. ಆದರೆ ಆ ಸೂತ್ರಕ್ಕೆ ಗೊತ್ತಿರುವುದು ಕಣ್ಣೊಂದೇ. ಕತ್ತು ತಿರುಗಿಸಿದ ಮಗು, ಮಾತಾಡುತ್ತಿರುವ ಬಾಯಿ, ಜಾರಿದ ಕಾಲರ್ ಎಲ್ಲ ಸೇರಿ ಗುಂಪಿನ ಚಿತ್ರವೇ ನಲವತ್ತು ಆಯಿತು. ಬಳಕೆಗೆ ಬಂದದ್ದು ನಾಲ್ಕು. ಹತ್ತು ತೆಗೆದ ಮೇಲೆ ನಿಲ್ಲಿಸಿ, ಪರದೆಯಲ್ಲಿ ದೊಡ್ಡದು ಮಾಡಿ ಒಂದೊಂದೇ ಮುಖ, ಕಾಲರ್, ಕೈಬೆರಳು ನೋಡಲು ಮನೆಯವರಲ್ಲೊಬ್ಬರು ಇರಲಿ. ಜೇಬಿನಲ್ಲಿ ಉಬ್ಬಿದ ಮೊಬೈಲ್ ನಮಗೆ ಸಿಕ್ಕಿದ್ದು ಹಾಗೆ.

ಇಪ್ಪತ್ತನೇ ನಿಮಿಷಕ್ಕೆ ಮಗು ಕೆಳಗಿಳಿಯಿತು, ಅಜ್ಜಿ ಬೆನ್ನು ನೋವೆಂದರು. ಇಬ್ಬರನ್ನೂ ಬಿಟ್ಟುಕೊಟ್ಟೆವು. ಬಲವಂತದಿಂದ ತೆಗೆದದ್ದು ಮುಖದಲ್ಲಿ ಕಂಡೇ ಕಾಣುತ್ತದೆ.

ಚಿತ್ರ ಆರಿಸುವುದನ್ನು ಅವತ್ತೇ ಮುಗಿಸಬೇಡಿ. ದಣಿದ ಕಣ್ಣಿಗೆ ಎಲ್ಲವೂ ಒಂದೇ. ಎರಡು ದಿನ ಬಿಟ್ಟು, ಪ್ರತಿಯೊಬ್ಬರೂ ತಮಗೆ ಒಗ್ಗದ ಚಿತ್ರವನ್ನು ಮೊದಲು ತೆಗೆದುಹಾಕಲಿ, ಉಳಿದದ್ದರಲ್ಲಿ ಆರಿಸುವುದು ಸುಲಭ. ಒಂದರಲ್ಲಿ ಒಬ್ಬರದೇ ಕಣ್ಣು ಮುಚ್ಚಿದ್ದರೆ ಪಕ್ಕದ ಚಿತ್ರದಿಂದ ಆ ಮುಖ ತಂದು ಕೂರಿಸಬಹುದು, ಯಾರೂ ಜಾಗ ಬದಲಿಸಿಲ್ಲದಿದ್ದರೆ ಮಾತ್ರ. ತಿದ್ದುವವರಿಗೆ ಏನು ಬೇಡ ಎಂದು ಹೇಳುವುದು ಬಹಳ ಮುಖ್ಯ. ಮೊಡವೆ, ಗಾಯ ತೆಗೆಯಲಿ. ಮಚ್ಚೆ, ಅಜ್ಜಿಯ ಮುಖದ ಸುಕ್ಕು ಹಾಗೇ ಇರಲಿ. ನಾವು ಹೇಳದೆ ಇದ್ದದ್ದರಿಂದ ಮೊದಲ ಸಲ ಬಂದ ಚಿತ್ರದಲ್ಲಿ ಅಜ್ಜಿ ಮೇಣದ ಗೊಂಬೆಯಂತಿದ್ದರು. ಮರಳಿ ಕಳಿಸಿ ಸರಿಮಾಡಿಸಲು ಇನ್ನೊಂದು ವಾರ ಹೋಯಿತು.

ಫೈಲುಗಳನ್ನು ವಾಟ್ಸ್‌ಆಪ್‌ನಲ್ಲಿ ಮಾಮೂಲು ಫೋಟೊ ಆಗಿ ತರಿಸಿಕೊಳ್ಳಬೇಡಿ, ಅದು ಕುಗ್ಗಿಸಿಬಿಡುತ್ತದೆ. ಡ್ರೈವ್ ಕೊಂಡಿ ಅಥವಾ ಪೆನ್‌ಡ್ರೈವ್ ಕೇಳಿ. ಮೊಬೈಲ್ ಪರದೆ ತಾನೇ ಬೆಳಗುವುದರಿಂದ ಪ್ರಿಂಟ್ ಅದಕ್ಕಿಂತ ಮಂಕಾಗಿ ಬರುತ್ತದೆ. ದೊಡ್ಡದಕ್ಕೆ ಹೇಳುವ ಮೊದಲು 4×6ರಲ್ಲಿ ಒಂದು ಹಾಕಿಸಿ, ತೂಗುಹಾಕುವ ಗೋಡೆಯ ಬಳಿಯೇ ಹಿಡಿದು ನೋಡಿ. ಫ್ರೇಮ್ ಹಾಕಿಸುವಾಗ ಚಿತ್ರ ಮತ್ತು ಗಾಜಿನ ನಡುವೆ ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟಿನ ಅಂಚಿನ ಅಂತರ ಇರಲಿ, ಇಲ್ಲವಾದರೆ ತೇವಕ್ಕೆ ಚಿತ್ರದ ಮೈ ಗಾಜಿಗೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಕಿತ್ತು ಬರುತ್ತದೆ. ನೇರ ಬಿಸಿಲು ಬೀಳುವ ಗೋಡೆ ಬೇಡ.

ಫ್ರೇಮಿನ ಹಿಂದಿನ ಹಲಗೆಗೆ ಒಂದು ಚೀಟಿ ಅಂಟಿಸಿ: ಎಡದಿಂದ ಬಲಕ್ಕೆ ಎಲ್ಲರ ಪೂರ್ತಿ ಹೆಸರು, ತಾರೀಕು. ಪ್ರಿಂಟಿನ ಬೆನ್ನಿಗೇ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಒತ್ತಿದ ಗೆರೆ ಮುಂಬದಿಯಲ್ಲಿ ಉಬ್ಬುತ್ತದೆ.